ಉಡಿ ತುಂಬಿಸಿಕೊಂಡು ಹೋದ ಬೇವಿನ ಗಿಡ

ಬೇವಿನ ಗಿಡದ ಸುತ್ತ ನಾನು ಮೊದಲ ಗೆರೆ ಎಳೆದ ದಿನ, ಅದರ ನೆರಳಿನಲ್ಲಿ ಮಿರ್ಚಿ ಭಜಿ ಕರಿದು ಮಾರುವ, ಎಲ್ಲರೂ ಅವ್ವ ಎನ್ನುವ ಹೆಂಗಸು ಬಂದು ನನ್ನ ಸಲಿಕೆಯ ಮೇಲೆ ಕುಳಿತುಬಿಟ್ಟಳು. ಅರ್ಧ ತಾಸು ಏಳಲಿಲ್ಲ.

"ಯಾರು ಹೇಳ್ಯಾರ ನಿನಗ, ಇದನ್ನ ಕಡ್ಯಾಕ?"

"ಕಡ್ಯಾಕ ಬಂದಿಲ್ಲಬೇ ಅವ್ವಾ. ಬೇರ ಸಮೇತ ಎತ್ತಿ ಬ್ಯಾರೆ ಕಡೆ ಹಚ್ಚಾಕ ಬಂದೇನಿ."

"ಎತ್ತಿ ಇಡಾಕ ಇದೇನ ಕೊಡಪಾನ ಏನು? ಮೂವತ್ತ ವರ್ಷದ ಗಿಡ ಇದು. ನನ್ನ ಹಿರೇ ಮಗನ ವಾರಗಿದು."

ಬೈಲಹೊಂಗಲದಿಂದ ಸಂಪಗಾಂವದ ಕಡೆ ಹೋಗುವ ರಸ್ತೆಯನ್ನು ಅಗಲ ಮಾಡುತ್ತಿದ್ದರು. ಅಲ್ಲಿ ಒಂದು ಕ್ರಾಸಿನ ಹತ್ತಿರ ಹನ್ನೆರಡು ಬೇವಿನ ಗಿಡಗಳು ಅಡ್ಡ ಬಂದಿದ್ದವು. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದಕ್ಕೆ ಗಿಡ ಅಂತಲೇ ಅನ್ನುವುದು. ಅಂಥ ಗಿಡಗಳನ್ನು ಬೇರು ಸಮೇತ ಎತ್ತಿ ಬೇರೆ ಜಾಗದಲ್ಲಿ ನೆಡುವುದು ನನ್ನ ಕೆಲಸ. ರಸ್ತೆಯ ಎಂಜಿನಿಯರ್ ಸಾಹೇಬರು ನನ್ನನ್ನು ಕರೆಸಿ ನೇರವಾಗಿ ಹೇಳಿದ್ದರು.

"ಮಿಸ್ತ್ರಿ, ಮೊದಲ ಒಂದ ಗಿಡ ಎತ್ತಿ ತೋರಸ್ರಿ. ಮಳಿಗಾಲ ಮುಗಿಯೂದ್ರಾಗ ಅದು ಚಿಗುರಿದ್ರ ಉಳದ ಹನ್ನೊಂದೂ ನಿಮ್ವು. ಒಣಗಿದ್ರ ನನ್ನ ಕೈಯಾಗ ಏನೂ ಇಲ್ಲ. ಗರಗಸದವರಿಗೆ ಹೇಳಬೇಕಾಗತೈತಿ."

ಮೊದಲ ಗಿಡ ಎಂದು ನಾನು ಆರಿಸಿದ್ದು ಅವ್ವನ ಗಿಡವನ್ನೇ. ಕಾಂಡ ನೆಟ್ಟಗಿತ್ತು, ರೋಗ ಇರಲಿಲ್ಲ, ಕ್ರೇನ್ ನಿಲ್ಲಲು ಪಕ್ಕದಲ್ಲಿ ಜಾಗವಿತ್ತು. ಅದರ ಕೆಳಗೆ ಒಂದು ಒಲೆ, ಒಂದು ಬಾಣಲೆ, ಒಂದು ಬೆಂಚು ಮತ್ತು ಅವ್ವ ಇದ್ದಾರೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಒಣಗಿದ್ರ?" ಎಂದು ಅವ್ವ ಕೇಳಿದಳು.

"ಒಣಗಂಗಿಲ್ಲ."

"ಮಾತ ಕೊಡತೀಯೇನ? ನನಗ ಮೂರೂ ಗಂಡ ಮಕ್ಕಳು. ಹೆಣ್ಣ ಮಗಳು ಅಂತಿದ್ರ ಇದ ಒಂದ."

ನಾನು ಮಾತು ಕೊಟ್ಟೆ. ಕೊಡುವಾಗ ನನ್ನ ಧ್ವನಿ ಸ್ವಲ್ಪ ಸಣ್ಣದಾಗಿತ್ತು. ಅದಕ್ಕೆ ಕಾರಣ ರಾಮದುರ್ಗ ತಾಲೂಕಿನ ಕಟಕೋಳದ ಹತ್ತಿರ ನಾನು ಎತ್ತಿ ನೆಟ್ಟಿದ್ದ ಒಂದು ಹುಣಸೆ ಗಿಡ. ಅವ್ವನಿಗೆ ಅದನ್ನು ಹೇಳಲಿಲ್ಲ. ಅವಳು ಸಲಿಕೆ ಬಿಟ್ಟು ಎದ್ದಳು. ಕಾಗದದಲ್ಲಿ ಎರಡು ಬಿಸಿ ಮಿರ್ಚಿ ಹಾಕಿ ಕೊಟ್ಟು, "ತಿನ್ನು. ಆಮ್ಯಾಲೆ ತೋಡು," ಎಂದಳು.

ಆ ಹುಣಸೆ ಗಿಡದ ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಬರುವುದಿಲ್ಲ. ಅದನ್ನು ಎತ್ತಿದ್ದು ಸರಿಯಾಗಿತ್ತು, ನೆಟ್ಟಿದ್ದೂ ಸರಿಯಾಗಿತ್ತು, ನೀರಿಗೆ ಕೊರತೆ ಇರಲಿಲ್ಲ. ಆದರೆ ನೆಡುವಾಗ ಅದರ ಮುಖ ತಿರುಗಿತ್ತು. ಬಸ್ಸಿನ ಡ್ರೈವರನ ಕೈಗಳನ್ನು ನೋಡಿ. ಕಿಟಕಿಯ ಕಡೆಯ ಬಲಗೈ ಬಿಸಿಲಿಗೆ ಕಪ್ಪಾಗಿ ಗಟ್ಟಿಯಾಗಿರುತ್ತದೆ, ಎಡಗೈ ಮೆತ್ತಗಿರುತ್ತದೆ. ಗಿಡದ ತೊಗಟೆಯೂ ಹಾಗೆಯೇ. ದಕ್ಷಿಣ ಮತ್ತು ಪಶ್ಚಿಮದ ತೊಗಟೆ ಬಿಸಿಲು ಉಂಡು ದಪ್ಪವಾಗಿರುತ್ತದೆ. ಉತ್ತರದ ತೊಗಟೆ ನೆರಳಿನಲ್ಲಿ ಬೆಳೆದದ್ದು, ಎಳೆಯದು. ಎತ್ತುವ ಮುಂಚೆ ಗಿಡದ ಕೊಂಬೆ ಸವರುತ್ತೇವೆ, ಅದಕ್ಕೆ ತನ್ನದೇ ನೆರಳು ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಎಳೆಯ ತೊಗಟೆಯನ್ನು ಪಶ್ಚಿಮದ ಬಿಸಿಲಿಗೆ ತಿರುಗಿಸಿದರೆ ಅದು ಸೀಳುತ್ತದೆ. ಸೀಳಿದ ಜಾಗದಲ್ಲಿ ಹುಳ ಹೊಗುತ್ತದೆ. ಕಟಕೋಳದ ಹುಣಸೆ ಹಾಗೆ ಹೋಯಿತು. ಎತ್ತುವಾಗ ಉತ್ತರ ಯಾವ ಕಡೆ ಎಂದು ಗುರುತು ಮಾಡುವುದನ್ನು ನಾನು ಮರೆತಿದ್ದೆ. ಇನ್ನೊಮ್ಮೆ ಮರೆಯುವುದಿಲ್ಲ ಎಂದು ಅದರ ಬುಡದಲ್ಲಿ ನಿಂತು ನನಗೆ ನಾನೇ ಹೇಳಿಕೊಂಡಿದ್ದೆ.

ಮಾರ್ಚ್ ತಿಂಗಳಲ್ಲಿ ಕೆಲಸ ಸುರುವಾಯಿತು. ಕಾಂಡದ ಸುತ್ತ ಏಳು ಅಡಿ ಅಗಲದ ಒಂದು ವರ್ತುಲ ಎಳೆದು, ಉತ್ತರ ಮತ್ತು ಪೂರ್ವದ ಅರ್ಧ ಭಾಗಕ್ಕೆ ಮಾತ್ರ ಕಂದಕ ತೋಡಿದೆವು. ನಾನು ಮತ್ತು ಇಬ್ಬರು ಆಳುಗಳು, ಹಾರೆ ಮತ್ತು ಸಲಿಕೆಯಲ್ಲಿ. ಜೆಸಿಬಿಯಲ್ಲಿ ತೋಡಿದರೆ ಬೇರು ಹರಿದು ಹಿಂಜಿದ ಹಗ್ಗದಂತೆ ಆಗುತ್ತದೆ. ಹೆಬ್ಬೆರಳಿಗಿಂತ ದಪ್ಪ ಬೇರು ಸಿಕ್ಕರೆ ಕೊಡಲಿ ಮುಟ್ಟುವುದಿಲ್ಲ, ಗರಗಸದಲ್ಲಿ ನಯವಾಗಿ ಕೊಯ್ಯುತ್ತೇವೆ. ಆಮೇಲೆ ಕಂದಕಕ್ಕೆ ಉಸುಕು ಮತ್ತು ಕೊಳೆತ ಸಗಣಿ ಗೊಬ್ಬರ ಬೆರೆಸಿ ತುಂಬಿ, ನೀರು ಬಿಟ್ಟು ಬಿಡಬೇಕು. ಕೊಯ್ದ ತುದಿಯಿಂದ ಕೂದಲಿನಂಥ ಹೊಸ ಬೇರು ಬರಲಿ ಎಂದು ಕಾಯಬೇಕು. ಆ ಹೊಸ ಬೇರೇ ಮುಂದೆ ಹೊಸ ಜಾಗದಲ್ಲಿ ಮೊದಲ ನೀರು ಕುಡಿಯುವುದು.

"ಎಷ್ಟ ದಿನ ಕಾಯೂದು?" ಎಂದು ಅವ್ವ ಕೇಳಿದಳು.

"ನಲವತ್ತ ದಿನ."

"ಹಂಗಂದ್ರ ಬಾಣಂತನ ಅನ್ನು."

ಅಂದಿನಿಂದ ಅವಳು ಗಿಡಕ್ಕೆ ಬಾಣಂತಿಯ ಪಥ್ಯ ಹಿಡಿಸಿದಳು. ಗಿರಾಕಿಗಳು ಬುಡದಲ್ಲಿ ಕೈ ತೊಳೆದರೆ ಬೈಯುತ್ತಿದ್ದಳು. ಒಬ್ಬ ಗಿರಾಕಿ ಕಾಂಡಕ್ಕೆ ಸೈಕಲ್ ಒರಗಿಸಿದ್ದಕ್ಕೆ, "ಅದು ಹಸೀ ಮೈಲೆ ಐತಿ, ನಿನಗ ಕಣ್ಣ ಕಾಣಸಂಗಿಲ್ಲೇನು?" ಎಂದು ಮಿರ್ಚಿಯನ್ನೇ ಕೊಡಲಿಲ್ಲ.

ನಲವತ್ತು ದಿನದ ಮೇಲೆ ಉಳಿದ ಅರ್ಧ ಭಾಗ ತೋಡಿದೆವು. ಆಮೇಲೆ ಬಂತು ಮೇ ತಿಂಗಳ ಬಿಸಿಲು. ನಮ್ಮದು ಕಪ್ಪು ಎರಿ ಭೂಮಿ. ಹಸಿ ಇದ್ದಾಗ ಬೆಣ್ಣೆಯ ಹಾಗೆ ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ. ಬೇರಿನ ಸುತ್ತ ನಾವು ಕಾಪಾಡಿಕೊಂಡು ಬಂದಿದ್ದ ಮಣ್ಣಿನ ಉಂಡೆಗೆ ಗಡ್ಡೆ ಎನ್ನುತ್ತೇವೆ. ಆ ಗಡ್ಡೆಯಲ್ಲಿ ಎರಡು ಬೆರಳು ಹೋಗುವಷ್ಟು ಬಿರುಕು ಬಿಟ್ಟಿತು. ಎತ್ತುವಾಗ ಗಡ್ಡೆ ಒಡೆದರೆ ಬೇರೆಲ್ಲ ಬರಿದಾಗುತ್ತದೆ, ಗಿಡ ಮುಗಿಯಿತು. ಸಣ್ಣ ಮಣ್ಣನ್ನು ಜರಡಿ ಹಿಡಿದು ಬಿರುಕಿಗೆ ತುಂಬಿದೆವು. ಮೇಲೆ ಕಬ್ಬಿನ ಒಣ ಎಲೆ, ಅಂದರೆ ರವದಿ, ಒಂದು ಮೊಳ ದಪ್ಪ ಹಾಸಿ ದಿನ ಬಿಟ್ಟು ದಿನ ಟ್ಯಾಂಕರ್ ನೀರು ಬಿಟ್ಟೆವು. ಆ ರವದಿಯ ಮೇಲೆ ಒಂದು ನಾಯಿ ಬಂದು ಸಂಸಾರ ಹೂಡಿತು. ಅವ್ವ ಅದನ್ನೂ ಓಡಿಸಲಿಲ್ಲ. "ಕಾವಲಿಗೆ ಆತು ಬಿಡು," ಎಂದಳು.

ಜೂನಿನಲ್ಲಿ ಮಿರಗದ ಮಳೆ ಹಿಡಿಯಿತು. ಕೊಂಬೆಗಳನ್ನು ಮೂರರಲ್ಲಿ ಒಂದು ಪಾಲು ಉಳಿಯುವಂತೆ ಸವರಿದೆವು. ಸವರಿದ ಗಾಯಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ಮುಲಾಮು ಹಚ್ಚಿದೆವು. ಕ್ರೇನ್ ಬರಬೇಕಾದ ದಿನ ಬಂತು, ಬಂದು ಎರಿ ಮಣ್ಣಿನಲ್ಲಿ ಅದರ ಗಾಲಿ ಅರ್ಧ ಹೂತುಹೋಯಿತು. ಕ್ರೇನ್ ಓಡಿಸುವವರು ಐವತ್ತು ದಾಟಿದ ಸಾಬರು, ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಅವರು ಕೆಳಗಿಳಿದು ಗಾಲಿ ನೋಡಿ, "ಅಣ್ಣಾ, ಗಿಡ ಎತ್ತಾಕ ಕರದಿದ್ರೋ, ನನ್ನನ್ನ ನೆಡಾಕ ಕರದಿದ್ರೋ?" ಎಂದರು. ಟ್ರ್ಯಾಕ್ಟರ್ ಹಚ್ಚಿ ಎಳೆಸಿ, ಗಿಡದವರೆಗೆ ದಾರಿಗೆ ಗಟ್ಟಿ ಗರಸು ಮಣ್ಣು ಹಾಕಿಸಿ, ನೆಲ ಆರಲು ಮೂರು ದಿನ ಕಾದೆವು.

ಮೂರನೆಯ ದಿನದ ಸಂಜೆ ಉತ್ತರದ ಗುರುತು ಹಾಕಿದೆ. ಇದಕ್ಕೆ ಎಣ್ಣೆ ಬಣ್ಣ ತಗೊಳ್ರಿ ಎಂದು ಎಂಜಿನಿಯರ್ ಸಾಹೇಬರು ಮೊದಲೇ ಹೇಳಿದ್ದರು. ಎಣ್ಣೆ ಬಣ್ಣದಿಂದ ತೊಗಟೆಗೆ ಉಸಿರು ಕಟ್ಟುತ್ತದೆ ಎಂದು ನಾನು ಅಂದುಕೊಂಡೆ. ಮುಲಾಮಿಗೆ ತಂದ ಬಟ್ಟಿ ಸುಣ್ಣ ಬಕೆಟ್ಟಿನಲ್ಲಿ ಇನ್ನೂ ಉಳಿದಿತ್ತು. ದಿಕ್ಸೂಚಿ ಹಿಡಿದು ನೋಡಿ, ಕಾಂಡದ ಉತ್ತರಕ್ಕೆ ಸುಣ್ಣದಲ್ಲಿ ಒಂದು ಗೇಣು ಉದ್ದದ, ಎರಡು ಬೆರಳು ಅಗಲದ ಗೆರೆ ಎಳೆದೆ. ಎರಡು ಹೆಜ್ಜೆ ಹಿಂದೆ ನಿಂತು ನೋಡಿದೆ. ಬೆಳ್ಳಗೆ ಎದ್ದು ಕಾಣುತ್ತಿತ್ತು. ಕಟಕೋಳದ ಹುಣಸೆ ನೆನಪಾಗಿ ಸಮಾಧಾನವಾಯಿತು.

ಮರುದಿನ ಮುಂಜಾನೆ ನಾನು ಕ್ರೇನಿಗೆ ದಾರಿ ತೋರಿಸಲು ಅರ್ಧ ಮೈಲು ಮುಂದೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಗಿಡದ ಸುತ್ತ ಹದಿನೈದು ಮಂದಿ ಹೆಣ್ಣುಮಕ್ಕಳು ನೆರೆದಿದ್ದರು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು ನೂಲು ಸುತ್ತಿದ್ದರು. ಮದುಮಗಳಿಗೆ ಹಾಕುವ ಸುರಗಿ ನೀರು ಅದು. ಅವ್ವ ಇಳಕಲ್ಲ ಸೀರೆ ಉಟ್ಟು, ತೆಂಗಿನ ನಾರಿನಿಂದ ಕಾಂಡವನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಆಮೇಲೆ ಎಲ್ಲರೂ ಸೇರಿ ಅರಿಷಿಣ ಹಚ್ಚಿದರು, ಬುಡದಿಂದ ಕೈ ನಿಲುಕುವವರೆಗೆ.

"ಗಂಡನ ಮನಿಗೆ ಹೊಂಟಾಳಪಾ," ಎಂದು ಒಬ್ಬಳು ನನಗೆ ಹೇಳಿದಳು. "ಹಂಗ ಕಳಸಾಕ ಬರತೈತೇನು?"

ಕುಪ್ಪಸದ ಖಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು ಇಟ್ಟು ಕಟ್ಟಿ, ಗಿಡದ ಕವಲನ್ನೇ ಮಡಿಲು ಮಾಡಿ ಉಡಿ ತುಂಬಿದರು. ಸೋಬಾನದ ಒಂದು ಹಾಡೂ ಆಯಿತು. ನಾನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದೆ. ಗಿಡ ಎತ್ತುವ ನಾನು ಎಷ್ಟೋ ಕಡೆ ಬೈಗುಳ ತಿಂದಿದ್ದೇನೆ. ಹೀಗೆ ಬೀಳ್ಕೊಡುವುದನ್ನು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಕಣ್ಣು ತುಂಬಿ ಬಂದಿತ್ತು, ಮುಂದೆ ಏನಾಗುತ್ತಿದೆ ಎಂದು ಕಾಣಲಿಲ್ಲ.

ಚಾಚಾ ಹಾರ್ನ್ ಹೊಡೆದರು. "ಅಣ್ಣಾ, ಮದಿವಿ ಮುಗದಿದ್ರ ಹೇಳ್ರಿ. ಎರಡ ಗಂಟೇಕ್ಕ ಕಿತ್ತೂರಾಗ ನನಗ ಬ್ಯಾರೆ ಕೆಲಸ ಐತಿ."

"ತಡಿಯೋ!" ಎಂದು ಅವ್ವ ಕೂಗಿದಳು. "ಕುಂಕುಮ ಹಚ್ಚೂದು ಉಳದೈತಿ. ಡಬ್ಬಿ ಮನ್ಯಾಗ ಮರತ ಬಂದೇನಿ. ಈಗ ತರತೇನಿ."

ಅವಳ ಮನೆ ಊರೊಳಗೆ. ಹೋಗಿ ಬರಲು ಮುಕ್ಕಾಲು ತಾಸು. ಮೋಡ ಬೇರೆ ಕಟ್ಟುತ್ತಿತ್ತು. ಅವಳು ಹೋದ ಕೂಡಲೆ ನಾನು ಆಳುಗಳಿಗೆ ಸನ್ನೆ ಮಾಡಿದೆ. ಕಾಂಡಕ್ಕೆ ಹಸಿ ಗೋಣಿಚೀಲ ಸುತ್ತಿ, ಅದರ ಮೇಲೆ ಟಯರಿನ ರಬ್ಬರ್ ಪಟ್ಟಿ, ಅದರ ಮೇಲೆ ಕ್ರೇನಿನ ಬೆಲ್ಟು. ಗಡ್ಡೆಗೆ ಮೊದಲೇ ಗೋಣಿ ಹೊಲಿದು ಹಗ್ಗದ ಬಲೆ ಹೆಣೆದಿದ್ದೆವು. ಚಾಚಾ ಒಂದೊಂದು ಇಂಚು ಎಳೆದರು. ಗಡ್ಡೆ ಅಲುಗಿತು, ನಿಂತಿತು. ತಳದಲ್ಲಿ ತಾಯಿಬೇರು ಹಿಡಿದಿತ್ತು. ನಾನು ಮಲಗಿಕೊಂಡು ಕೆಳಗೆ ಕೈಗರಗಸ ಹಾಕಿ ಅದನ್ನು ಕೊಯ್ದೆ. "ಟಪ್" ಎಂದಿತು. ಗಿಡ ನೆಲ ಬಿಟ್ಟಿತು. ಒಂದು ಹಿಡಿ ಮಣ್ಣೂ ಉದುರಲಿಲ್ಲ. ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು.

ಅದನ್ನು ಟ್ರೇಲರಿನ ಮೇಲೆ ಮಲಗಿಸಿ, ಆರು ಕಿಲೋಮೀಟರ್ ದೂರದ ಒಂದು ಸರಕಾರಿ ಸಾಲೆಯ ಮೈದಾನಕ್ಕೆ ಹೊರಟೆವು. ಕ್ರೇನ್ ನಮ್ಮ ಹಿಂದೆ. ಒಬ್ಬ ಆಳು ಮುಂದೆ ನಡೆದು, ಬಿದಿರಿನ ಗಳದಿಂದ ಅಡ್ಡ ತೂಗುವ ಕೇಬಲ್ ಎತ್ತಿ ದಾರಿ ಬಿಡಿಸುತ್ತಿದ್ದ. ನಾನು ಗಿಡದ ಪಕ್ಕದಲ್ಲಿ ಕುಳಿತು ಗೋಣಿಗೆ ನೀರು ಚಿಮುಕಿಸುತ್ತಿದ್ದೆ. ತಂಪು ಗಾಳಿ ಇತ್ತು, ಮನಸ್ಸು ಹಗುರಾಗಿತ್ತು. ಬೀಡಿ ಹಚ್ಚೋಣ ಎಂದು ಕೈ ಒರೆಸಿಕೊಂಡೆ. ಅಂಗೈ ನೋಡಿದೆ. ಎರಡೂ ಅಂಗೈ ಹಳದಿ.

ಹಳದಿ ಇದೆ. ಬಿಳಿ ಎಲ್ಲಿ?

ತೆಂಗಿನ ನಾರು ಕಣ್ಣ ಮುಂದೆ ಬಂತು. ಬೆಳ್ಳಗೆ ಎದ್ದು ಕಾಣುವ ಗೆರೆಯನ್ನು ಹೊಲಸು ಎಂದುಕೊಂಡು ಅವರು ಎಲ್ಲಕ್ಕಿಂತ ಜೋರಾಗಿ ಅದನ್ನೇ ತಿಕ್ಕಿರಬೇಕು. ನಾನು ಟೋಪಿ ಹಿಡಿದು ಎದುರಿಗೇ ನಿಂತಿದ್ದೆ. ಬೀಡಿ ಹಚ್ಚಲಿಲ್ಲ.

ಸಾಲೆಯ ಮೈದಾನದಲ್ಲಿ ಗುಂಡಿ ತಯಾರಿತ್ತು. ಅದರ ಉತ್ತರದ ಅಂಚಿಗೆ ನಾನೇ ಎರಡು ದಿನದ ಹಿಂದೆ ಒಂದು ಗೂಟ ಬಡಿದಿದ್ದೆ. ಎಂಜಿನಿಯರ್ ಸಾಹೇಬರು ಛತ್ರಿ ಹಿಡಿದು ನಿಂತಿದ್ದರು. ನಾನು ಇಳಿದು ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ.

"ಎಣ್ಣಿ ಬಣ್ಣ ತಗೋರಿ ಅಂತ ಹೇಳಿದ್ನಿಲ್ಲೋ?"

"ಹೇಳಿದ್ರಿ ಸಾಹೇಬ್ರ."

"ಫೋಟೋ ಇದ್ದೀತು ನೋಡ್ರಿ ಮೊಬೈಲ್‌ನ್ಯಾಗ."

ಫೋಟೋ ಇತ್ತು. ಕೊಂಬೆ ಸವರುವ ಮೊದಲು ತೆಗೆದದ್ದು. ಅದರಲ್ಲಿ ಅವ್ವ ಬಾಣಲೆಯ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಗುತ್ತಾ ನಿಂತಿದ್ದಳು. ಅವಳ ಹಿಂದೆ ಕಾಂಡ ಪೂರ್ತಿ ಮರೆಯಾಗಿತ್ತು. ಸಾಹೇಬರು ಕನ್ನಡಕ ಎತ್ತಿ ನೋಡಿ, "ಮಿಸ್ತ್ರಿ, ಇದು ಮಿರ್ಚಿ ಫೋಟೋ ಐತಿ," ಎಂದರು.

ಗಡ್ಡೆಯ ಗೋಣಿ ಬಿಚ್ಚಿದರೆ ಗೊತ್ತಾಗುತ್ತಿತ್ತು. ಉತ್ತರ ಪೂರ್ವದ ಅರ್ಧವನ್ನು ಮೊದಲು ಕೊಯ್ದದ್ದರಿಂದ ಆ ಕಡೆ ಹೊಸ ಬೇರು ಹೆಚ್ಚು ಇರುತ್ತದೆ. ಆದರೆ ಬಿಚ್ಚಿದರೆ ಎರಿ ಮಣ್ಣು ಕುಸಿಯುತ್ತದೆ. ಅದು ಆಗದ ಮಾತು. ಅರಿಷಿಣ ಮೆತ್ತಿ ನೆನೆದ ತೊಗಟೆಯಲ್ಲಿ ದಪ್ಪ ಯಾವುದು, ಎಳೆಯದು ಯಾವುದು ಎಂದು ಕೈಗೂ ತಿಳಿಯುವಂತಿರಲಿಲ್ಲ.

ಚಾಚಾ ಕ್ರೇನಿನ ಮೇಲಿಂದಲೇ ಸಮಾಧಾನ ಹೇಳಿದರು. "ಗಿಡಕ್ಕ ದಿಕ್ಕಿಂದ ಏನ್ ಆಗೂದೈತಿ ಅಣ್ಣಾ? ನಾ ಯಾಕಡೆ ತಿರಗಿ ಮಲಗಿದ್ರೂ ಮುಂಜಾನೆ ಏಳತೇನಿ."

"ನಿಮಗ ಹೊಚ್ಚಗೊಳ್ಳಾಕ ಚಾದರ ಐತಿ ಚಾಚಾ. ಇದರ ಚಾದರ ನಾವ ಕಡದೇವಿ."

ಗಂಟೆ ಹನ್ನೆರಡೂವರೆ ಆಗಿತ್ತು. ಸಾಹೇಬರು ಮೃದುವಾಗಿಯೇ ಹೇಳಿದರು. "ಹೆಂಗರ ಇಳಸಿಬಿಡ್ರಿ. ನಾಕರಾಗ ಒಂದ ಸಲ ಖರೇ ಆಗತೈತಿ."

"ಮೂರ ಸಲ ಸುಳ್ಳ ಆಗತೈತಲ್ರಿ ಸಾಹೇಬ್ರ."

"ಕ್ರೇನ್ ಹ್ವಾದ್ರ?"

ಕ್ರೇನ್ ಹೋದರೆ ಗಿಡ ಟ್ರೇಲರಿನ ಮೇಲೆ ಎಷ್ಟು ದಿನ ಮಲಗಬೇಕೋ ಗೊತ್ತಿಲ್ಲ. ಮಲಗಿದಷ್ಟೂ ಅದಕ್ಕೆ ಕೇಡು. ಇಳಿಸಿದರೆ ಕಟಕೋಳ, ಇಳಿಸದಿದ್ದರೆ ಇದು. ಈ ಗಿಡದ ಹಿಂದೆ ಹನ್ನೊಂದು ಗಿಡ ಸಾಲಾಗಿ ನಿಂತಿದ್ದವು. ನಾನು ಹೇಳಿದೆ: "ಗೊತ್ತಿಲ್ಲದ ನಾ ಇಳಸಂಗಿಲ್ರಿ. ಒಂದ ತಾಸ ಕೊಡ್ರಿ. ಏನರ ಹಾದಿ ಹುಡುಕತೇನಿ."

ಯಾವ ಹಾದಿ ಎಂದು ನನಗೇ ಗೊತ್ತಿರಲಿಲ್ಲ.

ಹಾದಿಯ ಮೇಲೆ ಒಂದು ಟಂಟಂ ಆಟೋ ಬಂತು. ಅದು ನಿಲ್ಲುವ ಮೊದಲೇ ಅವ್ವ ಇಳಿದಳು. ಎಡಗೈಯಲ್ಲಿ ಕುಂಕುಮದ ಡಬ್ಬಿ, ಬಲಗೈಯ ಬೆರಳು ನನ್ನ ಕಡೆ.

"ಕಳ್ಳಾ! ಕುಂಕುಮ ಇಲ್ಲದ ನನ್ನ ಮಗಳನ್ನ ಓಡಿಸಿಕೊಂಡ ಬಂದೀಯಲ್ಲೋ! ಮತ್ತ ಇನ್ನೂ ಗಾಡಿ ಮ್ಯಾಲ ಯಾಕ ಮಲಗಿಸೀದಿ?"

ನಾನು ಹೇಳಿದೆ. ಹೇಳುತ್ತಿದ್ದಂತೆ ಅವಳ ಬೆರಳು ಕೆಳಗಿಳಿಯಿತು.

"ಅಯ್ಯ ಶಿವನ! ಆ ಬಿಳೇದು ನಿಂದೇನೋ? ಹಕ್ಕಿ ಹೇತೈತಿ ಅಂತ ನಾನ ತಿಕ್ಕೀನಿ."

ಚಾಚಾ ನಕ್ಕದ್ದು ಕ್ರೇನಿನ ಸದ್ದಿನಲ್ಲೂ ಕೇಳಿಸಿತು. ಅವ್ವ ನಗಲಿಲ್ಲ. ಟ್ರೇಲರಿನ ಹತ್ತಿರ ಹೋಗಿ ಗೋಣಿಯ ಮೇಲೆ ಕೈ ಇಟ್ಟು ನಿಂತಳು. ಆಮೇಲೆ ತಿರುಗಿದಳು.

"ಎಂಥಾ ಸುಣ್ಣ ಅದು?"

"ಬಟ್ಟಿ ಸುಣ್ಣಬೇ."

"ಯಾವಾಗ ಹಚ್ಚಿದ್ದಿ?"

"ನಿನ್ನೆ ಸಂಜೀಕ."

"ಬೇವಿನ ತೊಗಟಿ ಸಂದ್ಯಾಗ ಹ್ವಾದ ಸುಣ್ಣ ನನ್ನ ನಾರಿಗೆ ಬರತೈತೇನು? ಮಗನ, ನೀ ಎಷ್ಟನೇತ್ತಿ ಕಲತೀದಿ?"

"ಹತ್ತನೇತ್ತಿ."

"ಹಂಗಾದ್ರ ಹೇಳು. ಆರತಿಗೆ ಕೆಂಪ ನೀರ ಹೆಂಗ ಮಾಡತಾರ?"

ಸಾಲೆ ಬಿಟ್ಟು ಬಹಳ ವರ್ಷದ ಮೇಲೆ, ಮೂವತ್ತಾರನೆಯ ವಯಸ್ಸಿಗೆ ನಾನು ಹೊರಗಿನಿಂದ ಹತ್ತನೇತ್ತಿ ಪರೀಕ್ಷೆ ಕಟ್ಟಿದವನು. ವಿಜ್ಞಾನದಲ್ಲಿ ಈ ಪ್ರಶ್ನೆಯೇ ಬಂದಿತ್ತು. ಅರಿಷಿಣವು ಪ್ರತ್ಯಾಮ್ಲದಲ್ಲಿ ಕೆಂಪು ಬಣ್ಣಕ್ಕೆ ತಿರುಗುತ್ತದೆ, ಉದಾಹರಣೆ ಸುಣ್ಣದ ನೀರು. ಬಾಯಿಪಾಠ ಮಾಡಿ ಬರೆದು ಎರಡು ಅಂಕ ತೆಗೆದುಕೊಂಡಿದ್ದೆ. ಆ ಎರಡು ಅಂಕ ಪರೀಕ್ಷೆಯ ಕಾಗದದಲ್ಲೇ ಉಳಿದಿತ್ತು.

"ಅರಿಷಿಣಕ್ಕ ಸುಣ್ಣ ಕೂಡಸತಾರ," ಎಂದೆ.

"ಕುಂಕುಮ ಅಂತೂ ನಾ ಇನ್ನೂ ಹಚ್ಚಿಲ್ಲ. ನೀ ಹಚ್ಚಗೊಡಲಿಲ್ಲ. ಹಂಗಾದ್ರ ಈ ಹಸೀ ಗೋಣಿ ಒಳಗ ನೆನದ ಮ್ಯಾಲ ಕೆಂಪ ಕಂಡ್ರ ಅದು ಯಾರದು?"

ನಾನು ಆಗಲೇ ಟ್ರೇಲರ್ ಹತ್ತಿ ಹಗ್ಗ ಬಿಚ್ಚುತ್ತಿದ್ದೆ. ಮೊದಲ ಸುತ್ತು, ಎರಡನೆಯ ಸುತ್ತು. ಗೋಣಿಯೆಲ್ಲ ಹಳದಿ ನೀರು ಕುಡಿದಿತ್ತು. ಕಾಂಡ ಹೊರಗೆ ಬಂತು. ಮೇಲಿನ ಮಗ್ಗಲು ಹಳದಿ. ಎಡ ಮಗ್ಗಲು ಹಳದಿ. ಬಲ ಮಗ್ಗಲಿಗೆ ಬಗ್ಗಿ ನೋಡಿದೆ, ಅದೂ ಅಪ್ಪಟ ಹಳದಿ. ಸಾಹೇಬರು ಛತ್ರಿ ಮಡಚಿ ಗಡಿಯಾರ ನೋಡಿಕೊಂಡರು.

"ಕೆಳಗ ನೋಡಿದೇನು?" ಎಂದು ಅವ್ವ ಕೇಳಿದಳು.

ಕೆಳಗಿನ ಮಗ್ಗಲು ಚೀಲಗಳ ದಿಂಡಿನ ಮೇಲೆ ಮಲಗಿತ್ತು. ಚಾಚಾ ಏನೂ ಕೇಳದೆ ಕೊಕ್ಕೆ ಇಳಿಸಿದರು. ರಬ್ಬರ್ ಪಟ್ಟಿ ಸುತ್ತಿ ಬೆಲ್ಟನ್ನು ಕವಲಿನ ಹತ್ತಿರ ಕಟ್ಟಿ ಗಿಡವನ್ನು ಒಂದು ಮೊಳ ಎತ್ತಿದರು. ನಾನು ಅದರ ಕೆಳಗೆ ಅಂಗಾತ ತೂರಿಕೊಂಡೆ. ನನ್ನ ಮೂಗಿನಿಂದ ಒಂದು ಗೇಣು ಮೇಲೆ, ಹಳದಿಯ ನಡುವೆ, ತೊಗಟೆಯ ಒಂದೊಂದು ಸಂದಿಯಲ್ಲೂ ಕೆಂಪು ಇತ್ತು. ತುಂಡು ತುಂಡಾಗಿ, ಆದರೆ ಒಂದೇ ಸಾಲಿನಲ್ಲಿ. ಎರಡು ಬೆರಳು ಅಗಲ. ಬೆರಳಿಟ್ಟು ಅಳೆದೆ, ಒಂದು ಗೇಣು ಉದ್ದ.

"ಐತಿ!" ಎಂದು ಅಲ್ಲಿಂದಲೇ ಕೂಗಿದೆ.

"ಸುಭಾನಲ್ಲಾ!" ಎಂದರು ಚಾಚಾ. ಸಾಹೇಬರು ಪ್ಯಾಂಟಿನ ಗೊಡವೆ ಬಿಟ್ಟು ಮೊಣಕಾಲೂರಿ ಬಗ್ಗಿ ನೋಡಿದರು, ಫೋಟೋ ಹೊಡೆದುಕೊಂಡರು. ಆ ಫೋಟೋದಲ್ಲಿ ಗೆರೆ ಇದೆ, ನನ್ನ ಅರ್ಧ ಮುಖವೂ ಇದೆ. ಅವ್ವ ಡಬ್ಬಿ ತೆರೆದು ಬಗ್ಗಿದಳು.

"ಅವ್ವಾ, ಬ್ಯಾಡಬೇ! ಇಳಿಸೂತನಕ ಕುಂಕುಮ ಬ್ಯಾಡ!"

"ಗೊತ್ತೈತಿ ಬಿಡೋ. ಹಣಿ ಯಾವ ಕಡೆ ಐತಿ ನೋಡಾಕತ್ತೇನಿ."

ಆಮೇಲಿನ ಕೆಲಸ ಸರಳ. ಗುಂಡಿಯ ತಳದಲ್ಲಿ ಒಂದು ಅಡಿ ಉಸುಕು ಇತ್ತು. ಗಿಡವನ್ನು ನೆಟ್ಟಗೆ ತೂಗಿ ಹಿಡಿದು, ಹಗ್ಗ ಕಟ್ಟಿ ನಿಧಾನವಾಗಿ ತಿರುಗಿಸಿ, ಕೆಂಪು ಗೆರೆ ಗೂಟದ ನೇರಕ್ಕೆ ಬಂದ ಮೇಲೆ ಇಳಿಸಿದೆವು. ಮೊದಲಿನ ನೆಲ ಕಾಂಡಕ್ಕೆ ಎಲ್ಲಿ ತಾಗಿತ್ತೋ ಹೊಸ ನೆಲವೂ ಅಲ್ಲಿಗೇ ತಾಗಬೇಕು, ನಾಲ್ಕು ಬೆರಳು ಆಳವಾದರೂ ಬುಡ ಕೊಳೆಯುತ್ತದೆ. ಗೋಣಿಯ ಹೊಲಿಗೆ ಕೊಯ್ದು, ಮಣ್ಣು ತುಂಬಿ, ನೀರು ಬಿಟ್ಟು, ಒಳಗೆ ಗಾಳಿ ಉಳಿಯದಂತೆ ಬಿದಿರಿನ ಗಳದಿಂದ ಕುಟ್ಟಿದೆವು. ಮೂರು ಕಡೆ ಆಸರೆ ಗಳ ಕಟ್ಟಿದೆವು. ಆಗ ಅವ್ವ ಮುಂದೆ ಬಂದು, ಅದೇ ಕೆಂಪು ಗೆರೆಯ ಮೇಲೆ ದೊಡ್ಡದಾಗಿ ಕುಂಕುಮ ಇಟ್ಟಳು. ಚಾಚಾ ಎರಡಕ್ಕೆ ಹತ್ತು ನಿಮಿಷ ಇರುವಾಗ ಸಾಲೆಯ ಗೇಟು ದಾಟಿದರು. ಕಿತ್ತೂರಿಗೆ ತಡವಾಗುತ್ತದೆ ಎಂದು ಗೊತ್ತಿದ್ದರೂ ಹೋಗುವ ಮುಂಚೆ ಒಂದು ಕೊಡ ನೀರು ತಾವೂ ಹಾಕಿದರು.

ಇನ್ನು ಕಾಯುವ ಕೆಲಸ. ಹತ್ತನೆಯ ದಿನ ಎಲೆ ಹಳದಿಯಾದವು, ಹದಿನೈದಕ್ಕೆ ಪೂರ್ತಿ ಉದುರಿದವು. ಎಲೆ ಉದುರಿಸಿ ನೀರು ಉಳಿಸಿಕೊಳ್ಳುವುದು ಗಿಡದ ಜಾಣತನ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಹೇಳುವಾಗ ಕಟಕೋಳದ ಹುಣಸೆ ಮಾತ್ರ ನೆನಪಿಗೆ ಬರುತ್ತಿತ್ತು. ಸಾಲೆಗೆ ಬಂದ ಒಬ್ಬ ಹಿರಿಯರು, "ಮಿಸ್ತ್ರಿ, ಗೂಟ ಛಲೋ ಹುಗದಿರಿ. ಎಮ್ಮಿ ಕಟ್ಟಾಕ ಬರತೈತಿ," ಎಂದರು. ಅವ್ವ ರವಿವಾರಕ್ಕೊಮ್ಮೆ ಟಂಟಂ ಹತ್ತಿ ಬರುತ್ತಿದ್ದಳು. ಗಿಡಕ್ಕೆ ಒಂದು ಸುತ್ತು ಹಾಕಿ ನನ್ನ ಮುಖ ನೋಡುತ್ತಿದ್ದಳು. ಅದರ ಬದಲು ಬೈದಿದ್ದರೆ ಚೆನ್ನಾಗಿತ್ತು.

ನಾನು ವಾರಕ್ಕೊಮ್ಮೆ ಕೊಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡುತ್ತಿದ್ದೆ. ಒಳಗೆ ಹಸಿರಿದ್ದರೆ ಜೀವ ಇದೆ. ಹಸಿರಿತ್ತು, ಪ್ರತಿ ವಾರವೂ ಇತ್ತು. ಪಶ್ಚಿಮದ ಬಿಸಿಲು ಬೀಳುವ ತೊಗಟೆಯನ್ನು ಕೈಯಿಂದ ಸವರಿ ನೋಡುತ್ತಿದ್ದೆ. ದಪ್ಪಗೆ, ಒರಟಾಗಿ, ಬೆಚ್ಚಗೆ. ಎಲ್ಲಿಯೂ ಸೀಳಿರಲಿಲ್ಲ. ಮೂವತ್ತು ವರ್ಷ ಯಾವ ಬಿಸಿಲನ್ನು ಎದುರಿಸಿತ್ತೋ ಅದೇ ಬಿಸಿಲನ್ನು ಅದು ಇಲ್ಲಿಯೂ ಎದುರಿಸುತ್ತಿತ್ತು. ಜಾಗ ಹೊಸದು, ಆದರೆ ಸೂರ್ಯ ಇದ್ದ ಕಡೆಯೇ ಇದ್ದ. ನಮಗೂ ಬೇರೆ ಊರಿಗೆ ಹೋದಾಗ ಇಷ್ಟು ಸಿಕ್ಕರೆ ಸಾಕಾಗುತ್ತದೆ ಎಂದು ಅನಿಸುತ್ತಿತ್ತು.

ಆರು ವಾರ ದಾಟಿದ ಮೇಲೆ, ಒಂದು ರವಿವಾರ ನಾನು ಮೈದಾನಕ್ಕೆ ಹೋಗುವಷ್ಟರಲ್ಲಿ ಅವ್ವ ಮೊದಲೇ ಬಂದು ಗಿಡದ ಕೆಳಗೆ ಸಾಲೆಯ ಸ್ಟೂಲ್ ಹಾಕಿಕೊಂಡು, ಅದರ ಮೇಲೆ ಹತ್ತಿ ನಿಂತಿದ್ದಳು.

"ಬೀಳತೀಬೇ ಅವ್ವಾ! ಇಳಿ!"

"ನೀ ಹತ್ತು ಹಂಗಾದ್ರ. ನನ್ನ ಕಣ್ಣ ಮಂಜ ಅದಾವು. ಇದು ಚಿಗರೋ, ಕೆಂಪ ಇರುವಿಯೋ?"

ಹತ್ತಿ ನೋಡಿದೆ. ಸವರಿದ ಕೊಂಬೆಯ ಕೆಳಗೆ, ಮುಲಾಮಿನ ನೀಲಿ ಅಂಚಿನ ಪಕ್ಕದಲ್ಲಿ, ತಾಮ್ರದ ಬಣ್ಣದ ಚಿಗುರು ಗುಂಪಾಗಿ ಹೊಡೆದಿತ್ತು. ಎಂಟು ಜಾಗದಲ್ಲಿ ಎಣಿಸಿದೆ, ಆಮೇಲೆ ಎಣಿಸುವುದು ಬಿಟ್ಟೆ. ಎಂಜಿನಿಯರ್ ಸಾಹೇಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ಸಂಜೆ ಬಂದು ನೋಡಿದರು, ಒಂದು ಎಳೆ ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಮುಖ ಕಿವಿಚಿದರು.

"ಕಹಿ ಐತ್ರಿ. ಗಿಡ ಜೀವಂತ ಐತಿ," ಎಂದರು. "ಉಳದ ಹನ್ನೊಂದಕ್ಕ ಯಾವಾಗ ಗೆರಿ ಎಳೀತೀರಿ?"

ಮುಂದಿನ ಮಾರ್ಚಿನಲ್ಲಿ ಎಳೆದೆ. ಆ ಬೇವುಗಳು ನಿಂತಿರುವ ಮಗ್ಗಲಿನ ರಸ್ತೆ ಕೆಲಸವನ್ನು ಸಾಹೇಬರು ಕೊನೆಗೆ ತಳ್ಳಿದ್ದರು. ನನಗೆ ಒಂದು ಎಣ್ಣೆ ಬಣ್ಣದ ಡಬ್ಬಿಯನ್ನೂ ತಾವೇ ಕೊಡಿಸಿದರು. ತೆಗೆದುಕೊಂಡೆ, ಬೇಡ ಎನ್ನಲಿಲ್ಲ. ಅದು ನನ್ನ ಸಾಮಾನಿನ ಪೆಟ್ಟಿಗೆಯಲ್ಲಿದೆ, ಇನ್ನೂ ಮುಚ್ಚಳ ತೆರೆದಿಲ್ಲ. ಅದರ ಪಕ್ಕದಲ್ಲಿ ಬಟ್ಟಿ ಸುಣ್ಣದ ಚೀಲವಿದೆ.

ಎರಡನೆಯ ಗಿಡ ಎತ್ತುವ ಮುಂಜಾನೆ ನಾನು ಬೇಗ ಹೋಗಿದ್ದೆ. ಹೆಣ್ಣುಮಕ್ಕಳು ನನಗಿಂತ ಮೊದಲೇ ಬಂದಿದ್ದರು. ಕೊಡ, ತಂಬಿಗೆ, ಅರಿಷಿಣದ ಬಟ್ಟಲು, ಖಣ, ಎಲ್ಲ ತಯಾರಿತ್ತು. ಅವ್ವನ ಸೊಂಟದಲ್ಲಿ ಈ ಸಲ ಕುಂಕುಮದ ಡಬ್ಬಿ ಇತ್ತು. ಆದರೆ ಗಿಡವನ್ನು ಯಾರೂ ಮುಟ್ಟಿರಲಿಲ್ಲ. ಎಲ್ಲರೂ ನಾಲ್ಕು ಹೆಜ್ಜೆ ದೂರದಲ್ಲಿ ಸಾಲಾಗಿ ನಿಂತಿದ್ದರು.

"ಯಾಕಬೇ ಅವ್ವಾ, ಸುರು ಮಾಡ್ರಿ," ಎಂದೆ.

ಅವ್ವ ತೆಂಗಿನ ನಾರನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

"ಮೊದಲ ನಿನ್ನ ಸುಣ್ಣ ಹಚ್ಚೋ ತಮ್ಮಾ. ಸಂದ್ಯಾಗ ಹೋಗುವಂಗ ಗಟ್ಟಿ ತೀಡು. ಆಮ್ಯಾಲೆ ನಮ್ದು."